ನಡುವಿನ ಪೆಟ್ಟಿಗೆ

ಅಪ್ಪನ ಕಿವಿ ಕೆಟ್ಟಿದೆ ಎಂದು ಮೊದಲು ಹೇಳಿದವಳು ನಾನು. ಡಾಕ್ಟರಲ್ಲ, ಅವ್ವ ಅಲ್ಲ, ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಬರೆಯುತ್ತ ಹೋದಂತೆ ನನಗೆ ನಾನೇ ರಿಯಾಯಿತಿ ಕೊಟ್ಟುಕೊಳ್ಳುವ ಚಟವಿದೆ.

ಆಗ ನಾವು ತೆಲುಗು ಸೀಮೆಯ ಮಹಾನಗರದ ಅಂಚಿನ ಕುಷಾಯಿಗೂಡದಲ್ಲಿದ್ದೆವು. ಅಪ್ಪ ವಿಜಾಪುರ ಜಿಲ್ಲೆಯವನು. ಕುಷಾಯಿಗೂಡದ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಟೆಸ್ಟರ್ ಆಗಿ ಸೇರಿದವನು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ. ಕೂತ ಎಂದರೆ ಒಂದೇ ತಿಂಗಳು. ಅದೇ ನಗರದ ತಾರ್ನಾಕದಲ್ಲಿ ಸಭಾಭವನ, ಗುಡಿ, ಶಾಲೆಗಳಿಗೆ ಮೈಕ್ ಸೆಟ್ಟು ಮಾಡಿಕೊಡುವ ಒಂದು ಅಂಗಡಿಯವರು ಬಂದು ಕರೆದರು, ಹೋದ. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಹೋಗಿ, ತಯಾರಾದ ಸೆಟ್ಟುಗಳನ್ನು ಒಂದೊಂದಾಗಿ ಕೇಳಿ ಪರೀಕ್ಷೆ ಮಾಡುತ್ತಿದ್ದ. ಸರಿಯಿದ್ದರೆ ಸೆಟ್ಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ ಸಹಿ ಹಾಕುತ್ತಿದ್ದ. ಆ ಸಹಿ ಇಲ್ಲದೆ ಅಂಗಡಿಯ ಮಾಲೀಕರು ಒಂದು ಸೆಟ್ಟನ್ನೂ ಹೊರಗೆ ಬಿಡುತ್ತಿರಲಿಲ್ಲ.

ಅಪ್ಪನ ಪರೀಕ್ಷೆಗೆ ಒಂದು ಕ್ರಮವಿತ್ತು. ಮೊದಲು ಕಣ್ಣು ಮುಚ್ಚಿ ಕೇಳುವುದು. ಆಮೇಲೆ ಸ್ಪೀಕರಿನ ಮುಂದಿನ ಬಟ್ಟೆ ತೆಗೆದು, ಒಳಗಿನ ಕಾಗದದ ಕೋನಿನ ಮೇಲೆ ಎರಡು ಬೆರಳು ಇಟ್ಟು ಅದರ ನಡುಕ ನೋಡುವುದು. ಎಲ್ಲಕ್ಕಿಂತ ಕೊನೆಗೆ ಮೀಟರ್. "ಮೀಟರ್ ಸಂಬಳ ತಗೊಳ್ಳಂಗಿಲ್ಲ, ಅದಕ್ಕ ಜವಾಬ್ದಾರಿನೂ ಇರೂದಿಲ್ಲ" ಅನ್ನುತ್ತಿದ್ದ. ಕಾರ್ಖಾನೆ ಸೇರುವುದಕ್ಕೆ ಮೊದಲು ಅವನು ಸೊಲ್ಲಾಪುರದ ಒಂದು ರೇಡಿಯೋ ಅಂಗಡಿಯಲ್ಲಿ ಒಬ್ಬ ಹಿರಿಯರ ಕೈಕೆಳಗೆ ಕೆಲಸ ಕಲಿತಿದ್ದ. ಆ ಹಿರಿಯರಿಗೆ ಕಿವಿ ಮಂದವಾಗುತ್ತ ಬಂದಿತ್ತು. ಯಾರಿಗೂ ಹೇಳಲಿಲ್ಲ, ಸಹಿ ಹಾಕುತ್ತಲೇ ಹೋದರು. ಸೆಟ್ಟುಗಳು ಒಂದರ ಹಿಂದೊಂದು ವಾಪಸು ಬಂದವು. ಕೊನೆಗೆ ಅಂಗಡಿಗೆ ಬಂದ ಗಿರಾಕಿಗಳು ಅವರ ಎದುರೇ, ಇವರು ನೋಡಿದ್ದು ಬೇಡ, ಬೇರೆಯವರು ನೋಡಿದ್ದು ಕೊಡಿ ಎಂದು ಕೇಳತೊಡಗಿದರಂತೆ. ಅಪ್ಪ ಈ ಕತೆಯನ್ನು ನಮಗೆ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಕೊನೆಯ ಮಾತು ಒಂದೇ: ಕಿವಿಯ ಮೇಲೆ ಅನುಮಾನ ಬಂದ ದಿನವೇ ಸಹಿ ನಿಲ್ಲಿಸಬೇಕು.

ನಾನೂ ಟೆಸ್ಟರೇ. ಕೊಂಡಾಪುರದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ, ಅರ್ಧ ನಿದ್ದೆ ಬಸ್ಸಿನಲ್ಲೇ. ಆಗ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿನ ಮಾತೆಲ್ಲ ಎರಡೇ ವಿಷಯ: ಯಾರು ಎಲ್ಲಿ ಫ್ಲ್ಯಾಟು ನೋಡಿದರು, ಯಾರ ಮನೆಯಲ್ಲಿ ಯಾವ ಹೋಂ ಥಿಯೇಟರ್ ಬಂತು. ನನಗೂ ಆ ಗಾಳಿ ಹೊಡೆಯಿತು. ಫ್ಲ್ಯಾಟು ನನ್ನ ಕೈಗೆ ಎಟುಕುವಂತಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇತ್ತು, ಅದಕ್ಕೊಂದು ಒಳ್ಳೆಯ ಸೌಂಡ್ ಕಾರ್ಡ್ ಹಾಕಿಸಿದೆ. ಕೋಠಿ ಪೇಟೆಗೆ ಹೋಗಿ ಹಳೆಯದೊಂದು ರಿಸೀವರ್, ಜೊತೆಗೆ ಸ್ಪೀಕರುಗಳನ್ನು ಆಟೋದಲ್ಲಿ ಹೇರಿಕೊಂಡು ಬಂದೆ.

ರಿಸೀವರ್ ಅಂದರೆ ಕಬ್ಬಿಣದಷ್ಟು ಭಾರದ ಕರಿ ಡಬ್ಬಿ. ಕಂಪ್ಯೂಟರಿನಿಂದ ಬಂದ ಸದ್ದನ್ನು ಅದು ಆರು ಪಾಲು ಮಾಡಿ ಆರು ಪೆಟ್ಟಿಗೆಗಳಿಗೆ ಹಂಚಬೇಕು. ಎದುರಿಗೆ ಎರಡು, ಬೆನ್ನ ಹಿಂದೆ ಎರಡು. ಟೇಬಲ್ಲಿನ ಕೆಳಗೆ, ನೆಲದ ಮೇಲೆ, ಬರೀ ಧಡಂ ಧಡಂ ಸಪ್ಪಳಕ್ಕೆಂದೇ ಒಂದು ದೊಡ್ಡ ಪೆಟ್ಟಿಗೆ. ಮತ್ತೆ ಪರದೆಯ ನೆತ್ತಿಯ ಮೇಲೆ, ನಡುವೆ, ಒಂದು ಸಣ್ಣ ಪೆಟ್ಟಿಗೆ. ಸಿನಿಮಾದಲ್ಲಿ ಜನ ಆಡುವ ಮಾತೆಲ್ಲ ಬರುವುದು ಆ ನಡುವಿನ ಪೆಟ್ಟಿಗೆಯಿಂದ.

ಅಪ್ಪ ಅಂಗಿಯ ಜೇಬಿನಲ್ಲಿ ಟೆಸ್ಟರ್ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ನಿಂತ. ಎರಡು ವರ್ಷದ ಕೂಸಿನ ಮುಂದೆ ಲಾಡು ಇಟ್ಟರೆ ಹೇಗೋ ಹಾಗೆ ಅವನ ಕೈ ಮುಂದೆ ಬರುತ್ತಿತ್ತು.

"ಅಪ್ಪಾ, ನೀ ಕೈ ಹಾಕಬ್ಯಾಡ. ಇದು ಡಿಜಿಟಲ್. ನಿಮ್ಮ ಕಾಲದ್ದಲ್ಲ" ಅಂದೆ.

"ಆತು, ತಂಗಿ" ಅಂದ. ನಮ್ಮ ಕಡೆ ಅಪ್ಪಂದಿರು ಮಗಳನ್ನೂ ತಂಗಿ ಅಂತಲೇ ಕರೆಯುವುದು. ಸ್ಕ್ರೂಡ್ರೈವರನ್ನು ಜೇಬಿನಲ್ಲಿ ಇನ್ನಷ್ಟು ಒಳಗೆ ತಳ್ಳಿ ಕುರ್ಚಿಯ ಮೇಲೆ ಕೂತುಬಿಟ್ಟ.

ಮೂರು ಭಾನುವಾರ ಹಿಡಿಯಿತು. ಮೊದಲನೆಯ ಭಾನುವಾರ ಒಂದೇ ಡಿಜಿಟಲ್ ಕೇಬಲ್ ಹಾಕಿದೆ. ಎದುರಿನ ಎರಡು ಪೆಟ್ಟಿಗೆ ಹಾಡಿದವು, ಉಳಿದ ನಾಲ್ಕಕ್ಕೆ ಜೀವವೇ ಇಲ್ಲ. ಎರಡನೆಯ ಭಾನುವಾರ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಒಬ್ಬ, ಕಾರ್ಡು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಬದಲಿಸು ಅಂದಿದ್ದ, ಇನ್ನೊಬ್ಬ ಸಿನಿಮಾ ತೋರಿಸುವ ಸಾಫ್ಟ್‌ವೇರಿನಲ್ಲಿ ಸದ್ದನ್ನು ಬಿಚ್ಚದೆ ಹಾಗೇ ದಾಟಿಸು ಅಂದಿದ್ದ, ಮತ್ತೊಬ್ಬ ಈ ಕಾರ್ಡೇ ದಂಡ ಅಂದಿದ್ದ. ಎಲ್ಲವನ್ನೂ ಮಾಡಿದೆ, ಕಾರ್ಡು ಎಸೆಯುವುದೊಂದು ಬಿಟ್ಟು. ರೇಗಿ ರೇಗಿ ಅವ್ವ ಕೊಟ್ಟ ಚಹಾ ಆರಿಹೋಯಿತು. ಮೂರನೆಯ ಭಾನುವಾರ ಡಿಜಿಟಲ್ಲಿಗೆ ಕೈಮುಗಿದು ಹಳೆಯ ದಾರಿ ಹಿಡಿದೆ. ಹಸಿರು, ಕಪ್ಪು, ಕಿತ್ತಳೆ, ಹೀಗೆ ಮೂರು ವೈರು. ಪ್ರತಿ ವೈರಿಗೂ ಆ ತುದಿಯಲ್ಲಿ ಒಂದು ಕೆಂಪು, ಒಂದು ಬಿಳಿ ಬಾಲ. ಹಸಿರು ಎದುರಿನವಕ್ಕೆ, ಕಪ್ಪು ಹಿಂದಿನವಕ್ಕೆ, ಕಿತ್ತಳೆ ನಡುವಿನ ಪೆಟ್ಟಿಗೆಗೂ ಕೆಳಗಿನ ಧಡಂ ಪೆಟ್ಟಿಗೆಗೂ. ಕೈಪಿಡಿಯಲ್ಲಿದ್ದ ಚಿತ್ರ ನೋಡಿಕೊಂಡು ಸಿಕ್ಕಿಸಿದೆ.

ಪರದೆಯ ಮೇಲೆ ಆರು ಸಣ್ಣ ಪೆಟ್ಟಿಗೆಗಳ ಚಿತ್ರ. ಒಂದೊಂದನ್ನೇ ಒತ್ತಿದರೆ ಆ ಪೆಟ್ಟಿಗೆಯಿಂದ ಸದ್ದು ಬರಬೇಕು, ಪಕ್ಕದಲ್ಲಿ ಹಸಿರು ಪಟ್ಟಿ ಮೇಲೇರಬೇಕು. ಒತ್ತಿದೆ. ಆರೂ ಹಸಿರು. ನಡುವಿನದನ್ನು ಒತ್ತಿದಾಗ ಎದುರಿನಿಂದ ಏನೋ ಗುರ್ ಅಂದಿತು, ಸಾಕು ಅಂದುಕೊಂಡೆ. ನಡುವಿನ ಪೆಟ್ಟಿಗೆ ಮೇಲೆ, ಧಡಂ ಪೆಟ್ಟಿಗೆ ಅದರ ನೇರ ಕೆಳಗೆ. ಯಾವುದರಿಂದ ಬಂತೆಂದು ಬಗ್ಗಿ ನೋಡುವ ಗೋಜಿಗೆ ಹೋಗಲಿಲ್ಲ. ಆರನೆಯ ಹಸಿರು ಕಂಡಾಗ ನಿಜಕ್ಕೂ ಕುಣಿದೆ. ಅವ್ವ ಬಂದು ರಿಸೀವರಿಗೆ ಅರಿಶಿನ ಕುಂಕುಮ ಹಚ್ಚಿದಳು. ಕಾಯಿ ಒಡೆಯಲು ಬಂದಾಗ ವೈರಿಗೆ ನೀರು ಬೀಳುತ್ತದೆಂದು ನಾನು ಕಿರುಚಿದ್ದಕ್ಕೆ ಅಂಗಳಕ್ಕೆ ಹೋಗಿ ಒಡೆದು ಬಂದಳು.

ಅಂದು ಸಂಜೆ ಅಪ್ಪನಿಗೆ ಒಂದು ಹಿಂದಿ ಸಿನಿಮಾ ಹಾಕಿಕೊಟ್ಟೆ. ಡಿಸ್ಕು ಹಾಕಿ ಎಲ್ಲಿ ಒತ್ತಬೇಕೆಂದೂ ಕಲಿಸಿದೆ. ಅರ್ಧ ಗಂಟೆ ನೋಡಿ ಹೇಳಿದ:

"ತಂಗಿ, ಹಾಡು ಭಾಳ ಚೊಲೊ ಕೇಳಸತೈತಿ. ಮಾತು ಕೇಳಸವಲ್ದು."

"ಜೋರ ಮಾಡ್ತೀನಿ ತಡಿ."

ಜೋರು ಮಾಡಿದೆ. ಹಾಡು ಕಿವಿ ಹರಿಯುವಂತೆ ಬಂತು. "ಮಾತು ಹಂಗ ಐತಿ" ಅಂದ.

ನನಗೇನೂ ತೊಂದರೆ ಕಾಣಲಿಲ್ಲ. ನಾನು ನೋಡುತ್ತಿದ್ದದ್ದು ಇಂಗ್ಲಿಷ್ ಸಿನಿಮಾ, ಕೆಳಗೆ ಅಕ್ಷರ ಓಡುತ್ತಿತ್ತು, ಓದಿಕೊಳ್ಳುತ್ತಿದ್ದೆ. ಮಾತು ಸ್ವಲ್ಪ ದಪ್ಪ ಅನ್ನಿಸಿದ್ದು ಹೌದು. ದೊಡ್ಡ ಸಿಸ್ಟಮ್ಮಿನ ಗತ್ತೇ ಹಾಗಿರಬೇಕೆಂದುಕೊಂಡೆ. ಅವ್ವನನ್ನು ಕೇಳಿದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಮೆಂತ್ಯಸೊಪ್ಪು ಸೋಸುತ್ತ ಕೂತವಳು, "ನನಗ ಹೆಂಗಿದ್ರೂ ಕತಿ ಗೊತ್ತಾಗತೈತಿ" ಅಂದಳು. ಅಲ್ಲಿಗೆ ಇಬ್ಬರು ಸರಿ, ಒಬ್ಬ ತಪ್ಪು ಎಂದಾಯಿತು.

ಅಪ್ಪ ವಾರವಿಡೀ ಅದನ್ನೇ ಹೇಳಿದ. ಆಫೀಸಿನಲ್ಲಿ ನಾನು ಒಂದು ತಪ್ಪು ಹುಡುಕಿ ಕಳಿಸಿದರೆ, ಆ ಸಾಫ್ಟ್‌ವೇರ್ ಬರೆದವರು "ನಮ್ಮಲ್ಲಿ ಸರಿಯಾಗಿದೆ" ಎಂದು ಒಂದು ಸಾಲು ಬರೆದು ಮುಚ್ಚಿಬಿಡುತ್ತಿದ್ದರು. ಅದನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ಅದೇ ನಾನು ಅಪ್ಪನನ್ನು ಪರದೆಯ ಮುಂದೆ ನಿಲ್ಲಿಸಿ ಹಸಿರು ಪಟ್ಟಿಗಳನ್ನು ತೋರಿಸಿದೆ. "ನೋಡು, ನಡುವಿನ ಪೆಟ್ಟಿಗಿಗೆ ಸಿಗ್ನಲ್ ಹೊಂಟೈತಿ. ಇನ್ನೇನ ಬೇಕು?" ಅಪ್ಪ ಪಟ್ಟಿಯನ್ನು ನೋಡಿದ, ನನ್ನನ್ನು ನೋಡಿದ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಇಂಟರ್‌ನೆಟ್ಟಿನಲ್ಲಿ ಓದಿದೆ: ವಯಸ್ಸಾದಾಗ ಕಿವಿ ಒಮ್ಮೆಲೇ ಹೋಗುವುದಿಲ್ಲ, ಸದ್ದು ಕೇಳುತ್ತದೆ, ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ದಿನವಿಡೀ ಸದ್ದಿನ ನಡುವೆ ಕೆಲಸ ಮಾಡಿದವರಿಗೆ ಇನ್ನೂ ಬೇಗ. ಅಪ್ಪ ಹೇಳಿದ್ದಕ್ಕೆ ಅಕ್ಷರಶಃ ಹೊಂದುತ್ತಿತ್ತು. ಆಫೀಸಿನಲ್ಲಿ ಎರಡು ಹಾಳೆ ಪ್ರಿಂಟ್ ತೆಗೆದು ತಂದು ಅವನ ಕೈಗೆ ಕೊಟ್ಟೆ. ಕಾಳಜಿಯಿಂದಲೇ ಕೊಟ್ಟೆ, ಅದು ಸುಳ್ಳಲ್ಲ. ಆದರೆ ವಾದ ಗೆದ್ದ ಖುಷಿಯೂ ಒಳಗೆ ಇತ್ತು.

ಅಪ್ಪ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಎರಡೂ ಹಾಳೆ ಓದಿದ. ಒಂದು ಕಡೆ ಬೆರಳು ಬಹಳ ಹೊತ್ತು ನಿಂತಿತು.

"ಇದರಾಗ ಬರದಂಗ ಆಗೇತಿ ನನಗ" ಅಂದ.

"ಡಾಕ್ಟರ್ ಕಡೆ ಹೋಗೂಣ?"

"ಬ್ಯಾಡ. ಅಂವ ಹೊಸಾದೇನ ಹೇಳ್ತಾನ?"

ಆ ಬುಧವಾರ ತಾರ್ನಾಕಕ್ಕೆ ಹೋದವನು ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆಗೆ ಬಂದ. ಕಿವಿ ಹೋಗಿದೆ, ಇನ್ನು ಸಹಿ ಹಾಕುವುದಿಲ್ಲ ಎಂದು ಹೇಳಿ ಬಂದಿದ್ದ. ಮಾಲೀಕರು ಬಸ್ ಸ್ಟಾಪಿನವರೆಗೂ ಹಿಂದೆಯೇ ಬಂದು ಬೇಡಿಕೊಂಡರಂತೆ. ಅವ್ವ ಆಫೀಸಿಗೆ ಫೋನ್ ಮಾಡಿ ಇದನ್ನು ಹೇಳಿದಾಗ ನಾನು, "ಚೊಲೊ ಆತು ಬಿಡವ್ವ, ಈ ವಯಸ್ಸಿನಾಗ ಆ ಬಸ್ಸಿನ ಗದ್ದಲ ಯಾಕ" ಅಂದೆ. ಅವ್ವ ಫೋನ್ ಇಟ್ಟಳು.

ಆಮೇಲೆ ಏಳು ತಿಂಗಳು ಹೀಗೇ ನಡೆಯಿತು. ಅಪ್ಪನಿಗೆ ಎಲ್ಲವೂ ಕೇಳುತ್ತಿತ್ತು, ಅದರಲ್ಲಿ ಒಂದನ್ನೂ ನಂಬುತ್ತಿರಲಿಲ್ಲ. ಕುಕ್ಕರ್ ಕೂಗಿದರೆ, "ಮೂರನೇದಲ್ಲ?" ಎಂದು ಅವ್ವನನ್ನು ಕೇಳುತ್ತಿದ್ದ. ಬಾಗಿಲಿಗೆ ಬಂದ ಕಾಯಿಪಲ್ಲೆಯವಳ ಜೊತೆ ತೆಲುಗಿನಲ್ಲಿ ಜಗಳಾಡಿ ಕೊತ್ತಂಬರಿ ಬಿಟ್ಟಿ ತರುತ್ತಿದ್ದವನು, ಈಗ ಅವ್ವನನ್ನು ಮುಂದೆ ಕಳಿಸಿ ತಾನು ಹಿಂದೆ ನಿಲ್ಲುತ್ತಿದ್ದ. ಮದುವೆ ಮುಂಜಿಗೆ ಹೋದರೆ ಕೊನೆಯ ಸಾಲಿನ ಕುರ್ಚಿ; ಯಾರು ಏನು ಅಂದರೂ ತಲೆಯಾಡಿಸುವುದು. ಸಿಟ್ಟು ಅಂದರೆ ಸಿಟ್ಟಿನ ಮನುಷ್ಯ, ಬಸ್ ಕಂಡಕ್ಟರುಗಳ ಜೊತೆ ಹೋರಾಡಿದವನು. ಆ ಸಿಟ್ಟೂ ಹೋಯಿತು. ನಾನು ಅವನ ಹತ್ತಿರ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದ್ದೆ, ಕೂಸಿನ ಜೊತೆ ಮಾತಾಡಿದಂತೆ. ಅದಕ್ಕೂ ಅವನು ತಲೆಯಾಡಿಸುತ್ತಿದ್ದ. ಅಪ್ಪನಿಗೆ ವಯಸ್ಸಾಯಿತು ಎಂದು ಬಸ್ಸಿನಲ್ಲಿ ಕೂತು ನಾನು ಕಣ್ಣೀರು ಹಾಕಿದ್ದೂ ಇದೆ. ತಪ್ಪು ನನ್ನದಿರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಸಿನಿಮಾ ನೋಡುತ್ತಿದ್ದೆ. ಅಪ್ಪ ಹಿಟ್ಟಿನ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದ. ಅವ್ವ ಕಸ ಗುಡಿಸುತ್ತ ಟೇಬಲ್ಲಿನ ಕೆಳಗೆ ಬಗ್ಗಿದವಳು ಹಾಗೇ ನಿಂತಳು.

"ಈ ಪೆಟ್ಟಿಗಿಯೊಳಗ ಯಾರೋ ಮಾತಾಡಾಕತ್ತಾರಲ್ಲ."

"ಅದು ಬರೇ ಧಡಂ ಧಡಂ ಪೆಟ್ಟಿಗಿ, ಅವ್ವ. ಅದರಾಗ ಮಾತು ಬರಂಗಿಲ್ಲ."

"ನೀನ ಬಗ್ಗಿ ಕೇಳು. ಗಂಡಸು ಮಾತಾಡಾಕತ್ತಾನ, ಬಾಯಾಗ ಅರಿವಿ ತುರುಕಿದಂಗ."

ನೆಲಕ್ಕೆ ಮಂಡಿಯೂರಿ ಕಿವಿ ಹಚ್ಚಿದೆ. ಒಳಗೆ ನಾಯಕ ಮಾತಾಡುತ್ತಿದ್ದ. ಎದ್ದು ನಡುವಿನ ಪೆಟ್ಟಿಗೆಗೆ ಕಿವಿ ಹಚ್ಚಿದೆ. ಮೌನ. ಸಿನಿಮಾದಲ್ಲಿ ಎಲ್ಲೋ ಒಂದು ಬಾಂಬು ಸಿಡಿದಾಗ ಮಾತ್ರ ಅದು ಒಮ್ಮೆ ಗೊರ್ ಎಂದಿತು. ಕಿತ್ತಳೆ ವೈರಿನ ಎರಡು ಬಾಲ ಅದಲುಬದಲಾಗಿದ್ದವು. ಕೈಪಿಡಿಯ ಚಿತ್ರ ಒಂದು ರೀತಿ, ನನ್ನ ಕಾರ್ಡು ಇನ್ನೊಂದು ರೀತಿ. ಮಾತು ಕೆಳಗೆ ಹೋಗುತ್ತಿತ್ತು, ಧಡಂ ಮೇಲೆ. ಕಂಪ್ಯೂಟರ್ ತನ್ನ ಕೆಲಸ ಸರಿಯಾಗಿ ಮಾಡಿತ್ತು, ಆದ್ದರಿಂದ ಹಸಿರು ಪಟ್ಟಿ ಸುಳ್ಳು ಹೇಳಿರಲಿಲ್ಲ. ಕಂಪ್ಯೂಟರಿನಿಂದ ಆಚೆ ಏನಾಗುತ್ತಿದೆ ಎಂದು ಅದಕ್ಕೆ ಗೊತ್ತೇ ಇರಲಿಲ್ಲ. ಕೆಂಪು ಬಾಲ ಕಿತ್ತು ಬಿಳಿಯದರ ಜಾಗಕ್ಕೆ, ಬಿಳಿಯದು ಕೆಂಪಿನ ಜಾಗಕ್ಕೆ. ಅಷ್ಟೇ ಕೆಲಸ. ಮಾತು ಅಡುಗೆಮನೆಯವರೆಗೂ ಕೇಳುವಷ್ಟು ಸ್ವಚ್ಛವಾಗಿ ಬಂತು.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಂಗಳದ ಗೇಟಿನ ಸದ್ದಾಯಿತು, ಅಪ್ಪ ಬಂದ. ನಾನು ಆ ಎರಡು ಬಾಲಗಳನ್ನು ಮತ್ತೆ ಕಿತ್ತು, ಮೊದಲಿದ್ದ ಹಾಗೇ ಸಿಕ್ಕಿಸಿಬಿಟ್ಟೆ. ಅವ್ವ ಕಸಬರಿಗೆ ಹಿಡಿದು ನಿಂತು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುದಿನ ಆಫೀಸಿನಲ್ಲಿ ಕೈಗೆ ಕೆಲಸ ಹತ್ತಲಿಲ್ಲ. ಸಂಜೆ ಬಸ್ಸಿನಿಂದ ತಾರ್ನಾಕದಲ್ಲಿ ಇಳಿದು ಅಂಗಡಿಗೆ ಹೋದೆ. ಮಾಲೀಕರು ನನ್ನನ್ನು ಗುರುತು ಹಿಡಿದು ಕುರ್ಚಿ ಕೊಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ: ಡಾಕ್ಟರ್ ಮತ್ತೊಮ್ಮೆ ನೋಡಿದರು, ಮೊದಲು ನೋಡಿದ್ದು ತಪ್ಪಾಗಿತ್ತಂತೆ, ಅಪ್ಪನ ಕಿವಿ ಸರಿಯಿದೆಯಂತೆ. ಅವರ ಮುಖ ಅರಳಿತು. ಸಾರ್ ಹೋದ ಮೇಲೆ ಎಷ್ಟೋ ಸೆಟ್ಟು ವಾಪಸು ಬಂದಿವೆ, ನಾಳೆಯಿಂದಲೇ ಬರಲಿ ಎಂದು ತೆಲುಗಿನಲ್ಲಿ ಎರಡೆರಡು ಸಲ ಹೇಳಿದರು. ತಪ್ಪಿನ ಜೊತೆ ಅದರ ಪರಿಹಾರವನ್ನೂ ಕಟ್ಟಿಕೊಂಡು ಹೋಗುತ್ತಿದ್ದೇನೆ ಎಂಬ ಧೈರ್ಯದಲ್ಲಿ ಮನೆ ಸೇರಿದೆ.

ಅಪ್ಪ ಚಹಾ ಕುಡಿಯುತ್ತಿದ್ದ. ಎದುರಿಗೆ ಕೂತು ವೈರಿನ ಕತೆ ಹೇಳಿದೆ. ಬಟ್ಟಲು ಕೆಳಗಿಟ್ಟು, "ತೋರಸು" ಅಂದ.

ಸಿನಿಮಾ ಹಾಕಿ, ಬಾಲಗಳನ್ನು ಸರಿಯಾಗಿ ಸಿಕ್ಕಿಸಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ. ಎದ್ದು ಬಂದು ನಡುವಿನ ಪೆಟ್ಟಿಗೆಯ ಬಟ್ಟೆ ತೆಗೆದು ಕೋನಿನ ಮೇಲೆ ಎರಡು ಬೆರಳು ಇಟ್ಟ. "ಈಗ ತಪ್ಪ ಹಾಕು" ಅಂದ. ಬಾಲಗಳನ್ನು ಅದಲುಬದಲು ಮಾಡಿದೆ. ಮತ್ತೆ ಬೆರಳು ಇಟ್ಟ.

"ಆವತ್ತೂ ಹಿಂಗ ಇತ್ತು."

"ಆವತ್ತು ಅಂದ್ರ? ನೀ ಮುಟ್ಟಿ ನೋಡಿದ್ದ್ಯಾ?"

"ನೀ ಆಫೀಸಿಗೆ ಹೋದ ಮ್ಯಾಲೆ ನೋಡ್ತಿದ್ದೆ. ಮೂರು ದಿನ ನೋಡಿದೆ. ಕೋನ್ ಅಳ್ಳಾಡತಿದ್ದಿಲ್ಲ."

"ಮತ್ತ ಹೇಳಬೇಕಿಲ್ಲೋ, ಅಪ್ಪಾ?" ನಾನು ಕೂಗಿಯೇಬಿಟ್ಟೆ. ಯಾರ ಮೇಲೆ ಕೂಗಿದೆನೋ.

ಅಪ್ಪ ಬಟ್ಟೆಯನ್ನು ಮೊದಲಿನಂತೆ ಹಾಕಿ, ನಾಲ್ಕೂ ಮೂಲೆ ಒತ್ತಿ ಕೂಡಿಸಿದ.

"ನೀ ನಿನ್ನ ಕೈಲೆ ಕೂಡಿಸಿದ ಮೊದಲನೇ ಸೆಟ್ ಅದು. ಆರೂ ಹಸಿರು ಅಂತ ಕುಣದಿದ್ದಿ. ಅದಕ್ಕ ತಪ್ಪು ಹಚ್ಚಾಕ ಮನಸ್ಸು ಬರಲಿಲ್ಲ. ಕಿವಿ ಹೋಗೇತಿ ಅಂದ್ಯಲ್ಲ, ಕೈನೂ ಹೋಗಿರಬೇಕು ಅಂದ್ಕೊಂಡೆ."

ನಾನು ಅತ್ತೆ. ಅಳುತ್ತಲೇ ತಾರ್ನಾಕಕ್ಕೆ ಹೋಗಿ ಬಂದೆ, ಮಾಲೀಕರು ನಾಳೆಯೇ ಬರಬೇಕು ಅಂದಿದ್ದಾರೆ, ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂದೆ. ಡಾಕ್ಟರ್ ಕತೆ ಕಟ್ಟಿದ್ದನ್ನು ಮಾತ್ರ ಹೇಳಲಿಲ್ಲ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಕಿವಿ ಸರಿ ಐತಿ, ತಂಗಿ. ಅದು ಈಗ ಗೊತ್ತಾತು. ಆದ್ರ ಸಹಿ ಹಾಕಾಂವ ಮಗಳ ಮಕ ನೋಡಿ ಹಾಕಬಾರದು. ನಾ ನೋಡಿದೆ."

ಬೆಳಗಾದರೆ ಅಪ್ಪನ ಮನಸ್ಸು ಬದಲಾಗಬಹುದೆಂಬ ಆಸೆ ನನಗಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಅವನು ಹೊರಬಂದಾಗ, ಕೆಲಸಕ್ಕೆ ಹೊರಟನೇ ಎಂದುಕೊಂಡೆ. ಫೋನಿನ ಹತ್ತಿರ ಹೋಗಿ ತಾರ್ನಾಕಕ್ಕೆ ಹಚ್ಚಿದ. ಅಂಗಡಿಯ ಗದ್ದಲಕ್ಕೆ ಮಾಲೀಕರು ಯಾವಾಗಲೂ ಕೂಗಿಯೇ ಮಾತಾಡುವವರು. ಅವರ ದನಿ ಪಕ್ಕದಲ್ಲಿ ನಿಂತಿದ್ದ ನನಗೂ ಕೇಳುತ್ತಿತ್ತು. ಬರುವುದಿಲ್ಲ, ವಯಸ್ಸಾಯಿತು, ಬೇರೆಯವರನ್ನು ನೋಡಿಕೊಳ್ಳಿ ಎಂದು ಅಪ್ಪ ತೆಲುಗಿನಲ್ಲಿ ನಿಧಾನವಾಗಿ ಹೇಳಿದ. ಆ ಕಡೆಯಿಂದ ಮಾಲೀಕರು ಕೇಳಿದರು: ಅದ್ಯಾಕೆ ಸಾರ್, ಕಿವಿ ಸರಿಯಿದೆ ಅಂತ ಡಾಕ್ಟರೇ ಹೇಳಿದರಂತಲ್ಲ, ನಿನ್ನೆ ನಿಮ್ಮ ಮಗಳು ಬಂದು ಹೇಳಿದಳಲ್ಲ?

ಅಪ್ಪ ತಿರುಗಿ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ.

"ಹೌದು," ಎಂದ ಫೋನಿನಲ್ಲಿ. "ಡಾಕ್ಟರ್ ಹಾಗೇ ಹೇಳಿದರು."